ಹೀರುವ ಹಾಸು, ಆರುವ ಹಾಸು

ಗೋವಾದ ಫೋಂಡಾ ಪಟ್ಟಣದ ಹೊರವಲಯದಲ್ಲಿರುವ ನಮ್ಮ ಹಿತ್ತಿಲಲ್ಲಿ 8 ಅಡಿ ಅಗಲ, 12 ಅಡಿ ಉದ್ದದ ಕೋಳಿಮನೆಯಿದ್ದು, ಅದರಲ್ಲಿ 40 ಗ್ರಾಮಪ್ರಿಯ ಹೇಂಟೆಗಳನ್ನು ಸಾಕಿದ್ದೇನೆ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯ ಹಿತ್ತಿಲ ಸಾಕಣೆಗೆಂದೇ ರೂಪಿಸಿದ, ಕಂದು ಮೊಟ್ಟೆಯಿಡುವ ತಳಿಯಿದು. ಹಾವೇರಿ ಕಡೆಯ ನನ್ನ ತವರಿನಲ್ಲಿ ಕೋಳಿಗಳು ಹಗಲೆಲ್ಲ ತಿಪ್ಪೆ ಕೆದರಿ ರಾತ್ರಿ ಬುಟ್ಟಿಯಡಿ ಮಲಗುತ್ತಿದ್ದುದರಿಂದ, ನೆಲಕ್ಕೆ ಏನು ಹಾಸಬೇಕೆಂಬ ಪ್ರಶ್ನೆಯೇ ಅಲ್ಲಿ ಹುಟ್ಟುತ್ತಿರಲಿಲ್ಲ. ಗೋವಾದಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರಿನವರೆಗೆ ಹೆಚ್ಚುಕಡಿಮೆ 3,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಕೋಳಿಗಳು ವಾರಗಟ್ಟಲೆ ಒಳಗೇ ಇರಬೇಕಾಗುತ್ತದೆ, ಅವುಗಳ ಹಿಕ್ಕೆಯೂ ಅಲ್ಲೇ ಬೀಳುತ್ತದೆ.

ಹಿಕ್ಕೆಯಲ್ಲಿ ಮುಕ್ಕಾಲು ಪಾಲು ನೀರೇ ಎಂಬುದು ನನಗೆ ಗೊತ್ತಿತ್ತು. ಒಂದು ಹೇಂಟೆ ದಿನಕ್ಕೆ ಸುಮಾರು 120 ಗ್ರಾಂ ಹಿಕ್ಕೆ ಹಾಕುತ್ತದೆ ಎಂದು ಹಿಡಿದರೂ ನಲವತ್ತರಿಂದ ಮೂರೂವರೆ ಲೀಟರ್ ನೀರು ಪ್ರತಿದಿನ ನೆಲ ಸೇರುತ್ತದೆ. ಈ ಲೆಕ್ಕ ಮಾಡಿಯೇ ನಾನು ಮೊದಲ ವರ್ಷ ತೆಂಗಿನ ನಾರಿನ ಪುಡಿಯನ್ನು ಆರಿಸಿದೆ. ತನ್ನ ತೂಕದ ಹಲವು ಪಟ್ಟು ನೀರನ್ನು ಹೀರುವ ವಸ್ತು ಅದು, ಗೋವಾದಲ್ಲಿ ತೆಂಗಿಗೇನೂ ಬರವಿಲ್ಲ. ಏಪ್ರಿಲ್‌ನಲ್ಲಿ ನಾಲ್ಕು ಇಂಚು ದಪ್ಪಗೆ ಹಾಸಿದ್ದು ಮೇ ಮುಗಿಯುವವರೆಗೆ ರತ್ನಗಂಬಳಿಯಂತೆಯೇ ಇತ್ತು, ನಾನೂ ನನ್ನ ಜಾಣತನಕ್ಕೆ ಹಿಗ್ಗಿದ್ದೆ.

ಜುಲೈನ ಒಂದು ಬೆಳಗ್ಗೆ ಕಾಲು ಕುಂಟುತ್ತಿದ್ದ ಹೇಂಟೆಯೊಂದನ್ನು ನೋಡಲೆಂದು ಒಳಗೆ ಕುಕ್ಕರುಗಾಲಲ್ಲಿ ಕುಳಿತಾಗ ಕಣ್ಣು ಉರಿದು ನೀರಾಡಿತು. ಎದ್ದು ನಿಂತರೆ ಉರಿಯಿಲ್ಲ, ಮತ್ತೆ ಕುಳಿತರೆ ಉರಿ. ಅಷ್ಟು ದಿನವೂ ನಾನು ನನ್ನ ಮೂಗಿನ ಎತ್ತರದ ಗಾಳಿಯನ್ನು ಪರೀಕ್ಷಿಸುತ್ತಿದ್ದೆ, ಕೋಳಿಗಳು ಒಂದು ಗೇಣು ಎತ್ತರದ ಗಾಳಿಯನ್ನು ಉಸಿರಾಡುತ್ತಿದ್ದವು. ಹಿಕ್ಕೆಯಲ್ಲಿನ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯ ಹುಟ್ಟುತ್ತದೆ, ಆ ಕೆಲಸಕ್ಕೆ ಅವುಗಳಿಗೆ ಬೇಕಾದುದು ಬೆಚ್ಚನೆಯ ತೇವ. ಅಮೋನಿಯ 25 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 25 ಪಾಲು ಮೀರಬಾರದು ಎನ್ನುತ್ತಾರೆ; ಅಳೆಯುವ ಸಾಧನ ನನ್ನ ಬಳಿ ಇರಲಿಲ್ಲವಾದರೂ ಕಣ್ಣುರಿಗಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಕುಂಟುತ್ತಿದ್ದ ಹೇಂಟೆಯ ಅಂಗಾಲಿನಲ್ಲಿ ಕಪ್ಪು ಹಕ್ಕಳೆಗಟ್ಟಿದ ಹುಣ್ಣಿತ್ತು.

ಆಗ ನಾನು ಮಾಡಿದ ತಪ್ಪನ್ನು ಬಹಳ ಜನ ಮಾಡುತ್ತಾರೆಂದು ತೋರುವುದರಿಂದ ಬಿಡಿಸಿ ಹೇಳುತ್ತೇನೆ. ಒದ್ದೆ ಹಾಸಿನ ಮೇಲೆ ಅರಳಿದ ಸುಣ್ಣವನ್ನು ಧಾರಾಳವಾಗಿ ಚೆಲ್ಲಿ ಕೆದರಿದೆ. ಸಂಜೆಯ ಹೊತ್ತಿಗೆ ನಾತ ಇಮ್ಮಡಿಯಾಯಿತು. ಸುಣ್ಣ ಕ್ಷಾರ, ಹಾಸು ಕ್ಷಾರವಾದಷ್ಟೂ ಅದರೊಳಗೆ ಕರಗಿ ಕುಳಿತಿದ್ದ ಅಮೋನಿಯ ಅನಿಲವಾಗಿ ಮೇಲೆದ್ದು ಬರುತ್ತದೆ. ಒಲೆಯ ಬೂದಿಯೂ ಈ ವಿಷಯದಲ್ಲಿ ಸುಣ್ಣದ ತಮ್ಮನೇ. ಈಗ ಸುಣ್ಣವನ್ನು ಹಾಸು ತೆಗೆದು ಕೋಳಿಮನೆ ಖಾಲಿಯಾದಾಗ ನೆಲಕ್ಕೂ ಗೋಡೆಗೂ ಬಳಿಯುತ್ತೇನೆ, ಬೂದಿಯನ್ನು ಕೋಳಿಗಳು ಹೊರಳಾಡುವ ಹಳೆಯ ಟೈರಿನೊಳಗೆ ಹಾಕುತ್ತೇನೆ. ಹಾಸಿನೊಳಗೆ ಎರಡನ್ನೂ ಬೆರೆಸುವುದಿಲ್ಲ.

ಸಮಸ್ಯೆಯ ಬೇರನ್ನು ತೋರಿಸಿದವರು ಅತ್ತೆಯವರು. ನಾರಿನ ಪುಡಿ ಎಷ್ಟು ನೀರು ಹೀರುತ್ತದೆಂದು ನಾನು ವಿವರಿಸುತ್ತಿದ್ದಾಗ, "ಹೀರಿದ್ದು ಖರೆ, ಆ ನೀರ ಮುಂದ ಎಲ್ಲಿಗೆ ಹೋಗ್ತದವಾ?" ಎಂದರು. ಉತ್ತರವಿರಲಿಲ್ಲ. ಹುಬ್ಬಳ್ಳಿಯ ಮಾರ್ಚ್ ಬಿಸಿಲಿನಲ್ಲಾದರೆ ಅದು ಗಾಳಿಗೆ ಹೋಗುತ್ತದೆ. ಗೋವಾದ ಜುಲೈನಲ್ಲಿ ಹಗ್ಗದ ಮೇಲಿನ ಬಟ್ಟೆಯೇ ಮೂರು ದಿನ ಒಣಗದಿರುವಾಗ, ನೀರನ್ನು ಒಳಗೆಳೆದುಕೊಂಡು ಬಿಗಿಹಿಡಿಯುವ ಪುಡಿ ಒಣಗುವುದು ಹೇಗೆ? ಅಂದಿನಿಂದ ನಾನು ಯಾವುದು ಹೆಚ್ಚು ಹೀರುತ್ತದೆ ಎಂದು ನೋಡುವುದನ್ನು ಬಿಟ್ಟು, ಯಾವುದು ಬೇಗ ಆರುತ್ತದೆ ಎಂದು ನೋಡತೊಡಗಿದೆ.

ಪೀಠೋಪಕರಣದ ಕಾರ್ಖಾನೆಯೊಂದರಿಂದ ತಂದ ಮರದ ಪುಡಿಯಲ್ಲಿ ಪ್ಲೈವುಡ್ಡಿನ ಅಂಟಿನ ವಾಸನೆಯಿತ್ತು, ಧೂಳೂ ಹೆಚ್ಚು. ಚೀಲ ಬಿಚ್ಚಿದ ದಿನವೇ ಹೊರಗೆ ಹಾಕಿದೆ. ತವರಿನಿಂದ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ ಶೇಂಗಾ ಸಿಪ್ಪೆ ಹದಿನೈದು ದಿನದೊಳಗೆ ಹಸಿರು ಬೂಷ್ಟು ಹಿಡಿಯಿತು. ಆ ಬೂಷ್ಟಿನ ಬೀಜಾಣುಗಳು ಮರಿಗಳ ಶ್ವಾಸಕೋಶಕ್ಕೆ ಹೋದರೆ ಉಳಿಗಾಲವಿಲ್ಲ. ಭತ್ತದ ಹುಲ್ಲನ್ನು ಎರಡಿಂಚಿಗೆ ಕತ್ತರಿಸದೆ ಹಾಸಿದರೆ ಚಾಪೆಯಂತೆ ಹೆಣೆದುಕೊಳ್ಳುತ್ತದೆ, ಕತ್ತರಿಸಲು ನನಗೆ ಪುರುಸೊತ್ತಿಲ್ಲ.

ಕೊನೆಗೆ ನಿಂತದ್ದು ಭತ್ತದ ಹೊಟ್ಟು. ಕೈಯಲ್ಲಿ ಹಿಡಿದು ನೋಡಿದರೆ ಕಾರಣ ತಿಳಿಯುತ್ತದೆ: ಪ್ರತಿಯೊಂದು ಹೊಟ್ಟೂ ಪುಟ್ಟ ದೋಣಿಯ ಆಕಾರದಲ್ಲಿದ್ದು, ಒಂದರ ಮೇಲೊಂದು ಬಿದ್ದಾಗಲೂ ನಡುವೆ ಗಾಳಿಗೆ ಜಾಗ ಉಳಿಯುತ್ತದೆ. ಸಿಲಿಕಾ ತುಂಬಿದ ಅದರ ಮೈ ನೀರನ್ನು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲವಾದ್ದರಿಂದ, ಮೇಲೆ ಅಂಟಿದ ತೇವ ಕೋಳಿಗಳು ಕೆದರಿದಂತೆಲ್ಲ ಆರಿಹೋಗುತ್ತದೆ. ಇದರ ಕೊರತೆಯೂ ಅದೇ ಗುಣದಿಂದ ಬರುತ್ತದೆ. ಒಮ್ಮೆಲೇ ಚೆಲ್ಲಿದ ನೀರು ಹೊಟ್ಟಿನ ನಡುವೆ ಇಳಿದು ಸಿಮೆಂಟಿನ ಮೇಲೆ ನಿಲ್ಲುತ್ತದೆ. ಅದಕ್ಕಾಗಿ ತಳದಲ್ಲಿ ಎರಡು ಇಂಚು, ಬಡಗಿ ಹತ್ತರಿ ಹೊಡೆಯುವಾಗ ಬೀಳುವ ಸುರುಳಿ ಸಿಪ್ಪೆಯನ್ನು ಹರಡಿ, ಮೇಲೆ ಮೂರು ಇಂಚು ಹೊಟ್ಟು ಹಾಕುತ್ತೇನೆ. ಮೇಲಿನ ಪದರಕ್ಕೆ ಆರೇಳು ಚೀಲ ಸಾಕಾಗುತ್ತದೆ. ಎಳೆಯ ಮರಿಗಳಿದ್ದರೆ ಮೊದಲ ಕೆಲವು ದಿನ ಹೊಟ್ಟಿನ ಮೇಲೆ ಏಣುಗಳಿರುವ ರಟ್ಟನ್ನು ಹಾಸುತ್ತೇನೆ, ಏಕೆಂದರೆ ಅವು ಹೊಟ್ಟನ್ನೇ ಆಹಾರವೆಂದು ಕುಕ್ಕುತ್ತವೆ, ಬರಿಯ ಪತ್ರಿಕೆ ಹಾಸಿದರೆ ಕಾಲು ಜಾರಿ ಸೊಟ್ಟಗಾಗುತ್ತವೆ.

ವಾರಕ್ಕೆ ಎರಡು ಸಲ ಕುಂಟೆಯಿಂದ ತಿರುವುವ ಮೊದಲು ಮೂರು ಜಾಗಗಳಿಂದ ಒಂದೊಂದು ಹಿಡಿ ಹಾಸನ್ನು ತೆಗೆದು ಬಿಗಿಯಾಗಿ ಅಮುಕುತ್ತೇನೆ. ಮುಷ್ಟಿ ಬಿಚ್ಚಿದಾಗ ಉಂಡೆ ನಿಧಾನವಾಗಿ ಬಿರಿದರೆ ಹದ ಸರಿಯಾಗಿದೆ, ಅಂದರೆ ತೇವ ಅಂದಾಜು 20ರಿಂದ 30 ಪ್ರತಿಶತ. ಉಂಡೆ ಉಂಡೆಯಾಗಿಯೇ ಕೂತರೆ ಅಷ್ಟು ಜಾಗವನ್ನು ಗೋರಿ ತೆಗೆದು ಹೊಸದನ್ನು ಹಾಕುತ್ತೇನೆ. ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಜೀವಿಯ ಮೊಟ್ಟೆಗಳು ಬೆಚ್ಚನೆಯ ತೇವದಲ್ಲಿ ಒಂದೆರಡು ದಿನಕ್ಕೇ ಸೋಂಕು ತಗುಲಿಸುವ ಸ್ಥಿತಿಗೆ ಬರುವುದರಿಂದ ನಾಳೆಗೆ ಮುಂದೂಡುವುದಿಲ್ಲ. ಒದ್ದೆಯ ತುಣುಕುಗಳು ಸಿಗುತ್ತಿದ್ದುದು ಬಹುಪಾಲು ನೀರಿನ ಪಾತ್ರೆಯ ಸುತ್ತ. ಪಾತ್ರೆಯನ್ನು ಇಟ್ಟಿಗೆಯ ಮೇಲಿಟ್ಟು ಕೋಳಿಯ ಬೆನ್ನಿನ ಮಟ್ಟಕ್ಕೆ ಏರಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆಯಾಯಿತು.

ಈ ಭಾಗದ ಗಿರಣಿಗಳಲ್ಲಿ ಕುಚ್ಚಲಕ್ಕಿಗೆ ಭತ್ತ ಬೇಯಿಸಲು ಹೊಟ್ಟನ್ನೇ ಉರಿಸುವುದರಿಂದ ಮಳೆಗಾಲದಲ್ಲಿ ಕೇಳಿದರೆ ಸಿಗುವುದಿಲ್ಲ. ವಾಯಂಗಣ ಎಂಬ ಬೇಸಿಗೆ ಭತ್ತದ ಬೆಳೆಯ ಕೊಯ್ಲು ಮುಗಿದು ಗಿರಣಿ ಓಡುವ ಏಪ್ರಿಲ್‌ನಲ್ಲೇ ಹದಿನಾಲ್ಕು ಚೀಲ ತಂದು, ಹಲಗೆಯ ಮೇಲೆ ಗೋಡೆಗೆ ತಾಗದಂತೆ ಜೋಡಿಸಿ, ತಾಡಪಾಲು ಹೊದಿಸುತ್ತೇನೆ. ಕಳೆದ ವರ್ಷ ಗೋಡೆಗೆ ಒರಗಿಸಿದ್ದ ಒಂದೇ ಒಂದು ಚೀಲ ಕೈ ಹಾಕಿದಾಗ ಬೆಚ್ಚಗಿತ್ತು, ಅಂದರೆ ತೇವ ಹಿಡಿದು ಕೊಳೆಯತೊಡಗಿತ್ತು; ಅದನ್ನು ಕೋಳಿಗಳಿಗೆ ಹಾಕದೆ ನೇರವಾಗಿ ಗೊಬ್ಬರದ ಗುಂಡಿಗೆ ಸುರಿದೆ.