ಅಣ್ಣನೂ ನಾನೇ, ತಮ್ಮನೂ ನಾನೇ

ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಹೋದ್ಯೋಗಿಯೊಬ್ಬರ ಎರಡು ದಿನದ ಶ್ರಮವನ್ನು ಗಿಟ್‌ನಲ್ಲಿ (ಕಡತಗಳ ಬದಲಾವಣೆಗಳ ಇತಿಹಾಸ ಇಡುವ, ತಂಡವಾಗಿ ಕೆಲಸ ಮಾಡಲು ಬಳಸುವ ತಂತ್ರಾಂಶ) ಒಂದೇ ಫೋರ್ಸ್ ಪುಶ್‌ನಲ್ಲಿ ಅಳಿಸಿಹಾಕಿದ್ದೆ. ಅಂದರೆ ಹಂಚಿಕೊಂಡ ಪ್ರತಿಯಲ್ಲಿ ಇದ್ದದ್ದನ್ನು ಲೆಕ್ಕಿಸದೆ ನನ್ನದನ್ನು ಬಲವಂತವಾಗಿ ಹೇರಿದ್ದೆ. ಅವರ ಲ್ಯಾಪ್‌ಟಾಪಿನಲ್ಲಿ ಪ್ರತಿ ಉಳಿದಿತ್ತು, ಬಚಾವಾದೆ. ಅವರು ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ತಂಡವೆಲ್ಲ ಬೆಂಗಳೂರಿನಲ್ಲಿ, ನಾನೊಬ್ಬ ದಾವಣಗೆರೆಯ ಮನೆಯಲ್ಲಿ. ಗಿಟ್ ಅಭ್ಯಾಸಕ್ಕೆ ಜೊತೆಗಾರರಿರಲಿಲ್ಲ. ಕೊನೆಗೆ ನನ್ನ ಲ್ಯಾಪ್‌ಟಾಪಿನಲ್ಲೇ ಒಂದು ಬೇರ್ ರೆಪೊಸಿಟರಿ (ಇತಿಹಾಸ ಮಾತ್ರ ಇರುವ, ಹಂಚಿಕೊಳ್ಳುವ ಭಂಡಾರ) ಮಾಡಿ, ಅದನ್ನು ಎರಡು ಫೋಲ್ಡರುಗಳಿಗೆ ಕ್ಲೋನ್ (ಪೂರ್ತಿ ನಕಲು) ಮಾಡಿದೆ: ಒಂದು ಅಣ್ಣ, ಇನ್ನೊಂದು ತಮ್ಮ. ಒಳಗೆ ‘ದೋಸೆ’ ಎಂಬ ಒಂದೇ ಕಡತ, ಬೆಣ್ಣೆ ದೋಸೆ ಹಿಟ್ಟಿನ ಅಳತೆ. (ಕನ್ನಡದ ಹೆಸರನ್ನು ಗಿಟ್ 340, 262, 246 ಎಂದು ಅಂಕಿಗಳಲ್ಲಿ ತೋರಿಸಿತು. ‘ಕೋರ್.ಕ್ವೋಟ್‌ಪಾತ್’ ಎಂಬ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿದ ಮೇಲೆ ಅಕ್ಷರ ಕಂಡವು.)

ಅಣ್ಣ ಮಂಡಕ್ಕಿ ಒಂದು ಹಿಡಿ ಎಂದು ಬರೆದು ಪುಶ್ ಮಾಡಿದ (ಭಂಡಾರಕ್ಕೆ ಕಳಿಸಿದ). ತಮ್ಮ ಅದೇ ಸಾಲಿನಲ್ಲಿ ಎರಡು ಹಿಡಿ ಎಂದ, ಅಣ್ಣನ ಬದಲಾವಣೆ ಅವನ ಬಳಿ ಇರಲಿಲ್ಲವಾದ್ದರಿಂದ ಅವನ ಪುಶ್ ತಿರಸ್ಕೃತವಾಯಿತು. ತಮ್ಮನ ಫೋಲ್ಡರಿನಲ್ಲಿ ಇಬ್ಬರದನ್ನೂ ಮರ್ಜ್ ಮಾಡಿದಾಗ (ಬೆಸೆದಾಗ) ಕಾನ್‌ಫ್ಲಿಕ್ಟ್ ಬಂತು, ಒಂದೇ ಸಾಲಿಗೆ ಎರಡು ಮಾತು. ಕಡತದಲ್ಲಿ ಗಿಟ್ ಎಳೆದ ಏಳು ಸಮ ಚಿಹ್ನೆಗಳ (=) ಗೆರೆಯ ಮೇಲೆ ತಮ್ಮನ ಮಾತು, ಕೆಳಗೆ ಅಣ್ಣನದು. ಇಷ್ಟು ಸುಲಭವೇ ಎಂದುಕೊಂಡೆ. ಮರುದಿನ ಇದೇ ಜಗಳವನ್ನು ರಿಬೇಸ್‌ನಲ್ಲಿ ಹೂಡಿದರೆ ಜಾಗ ಅದಲುಬದಲು! ರಿಬೇಸ್ ಮೊದಲು ಅಣ್ಣನ ಕಮಿಟ್‌ಗಳ (ಉಳಿಸಿಟ್ಟ ಬದಲಾವಣೆಗಳ) ಮೇಲೆ ನಿಂತು, ಆಮೇಲೆ ತಮ್ಮನವನ್ನು ಒಂದೊಂದಾಗಿ ಹೊಸದಾಗಿ ಹಚ್ಚುತ್ತದೆ. ಹಾಗಾಗಿ ಮೇಲಿನದು ಅಣ್ಣನದು. ಇದು ತಲೆಗೆ ಹತ್ತುವವರೆಗೆ ಎಷ್ಟು ಸಲ ತಪ್ಪು ಸಾಲು ಅಳಿಸಿದೆನೋ.

ಬಳಿಕ ಹಳೆಯ ಪಾಪವನ್ನೇ ಬೇಕೆಂದು ಮಾಡಿದೆ. ಅಣ್ಣನಿಂದ ಫೋರ್ಸ್ ಪುಶ್ ಮಾಡಿಸಿ, ತಮ್ಮನ ಪ್ರತಿಯನ್ನೂ ಹಾರ್ಡ್ ರೀಸೆಟ್‌ನಿಂದ (ಇದ್ದದ್ದನ್ನು ಬಿಟ್ಟು, ಹೇಳಿದ ಕಮಿಟ್‌ಗೆ ಹೋಗುವ ಆಜ್ಞೆ) ಅದಕ್ಕೆ ಸರಿಹೊಂದಿಸಿದೆ. ತಮ್ಮನ ಕಮಿಟ್ ಎಲ್ಲಿಯೂ ಇಲ್ಲ. ಆದರೆ ಅವನ ಫೋಲ್ಡರಿನಲ್ಲಿ ರಿಫ್‌ಲಾಗ್ (ಆ ಪ್ರತಿ ಯಾವ ಯಾವ ಕಮಿಟ್‌ನಲ್ಲಿ ನಿಂತಿತ್ತು ಎಂಬ ದಿನಚರಿ) ತೆರೆದರೆ ಅದರ ಗುರುತು ಹಾಗೇ ಇತ್ತು. ಅದರಿಂದ ಹೊಸ ಬ್ರಾಂಚ್ (ಕೆಲಸದ ಕವಲು) ತೆಗೆದೆ, ಕಡತ ಮರಳಿತು. ಇಂಥ ಅನಾಥ ಕಮಿಟ್‌ಗಳ ಗುರುತನ್ನು ಗಿಟ್ ಸಾಮಾನ್ಯವಾಗಿ 30 ದಿನ ಇಟ್ಟುಕೊಳ್ಳುತ್ತದೆ. ಕಮಿಟ್ ಮಾಡದೆ ಬಿಟ್ಟ ಬದಲಾವಣೆಗೆ ಈ ಭಾಗ್ಯವಿಲ್ಲ. ಆಮೇಲಿನಿಂದ ಅರೆಬರೆ ಕೆಲಸವನ್ನೂ ನನ್ನ ಬ್ರಾಂಚ್‌ನಲ್ಲಿ ಕಮಿಟ್ ಮಾಡಿಯೇ ಊಟಕ್ಕೆ ಏಳುತ್ತೇನೆ.

ಈಗ ಬರಿಯ ಫೋರ್ಸ್ ಬಳಸುವುದಿಲ್ಲ, ‘ಫೋರ್ಸ್ ವಿತ್ ಲೀಸ್’ ಬಳಸುತ್ತೇನೆ. ನಾನು ಕಡೆಯ ಸಲ ನೋಡಿದ ಮೇಲೆ ಬೇರೆಯವರು ಏನಾದರೂ ಸೇರಿಸಿದ್ದರೆ ಅದು ಪುಶ್ ತಡೆಯುತ್ತದೆ. ಆದರೆ ನಡುವೆ ಫೆಚ್ ಮಾಡಿ (ಭಂಡಾರದ ಹೊಸ ಬದಲಾವಣೆ ತರಿಸಿಕೊಂಡು), ಬಂದದ್ದನ್ನು ಓದದೆ ಪುಶ್ ಒತ್ತಿದರೆ ‘ನೋಡಿದ್ದಾನೆ’ ಎಂದೇ ನಂಬಿ ಬಿಟ್ಟುಬಿಡುತ್ತದೆ. ಇದನ್ನೂ ತಮ್ಮನ ತಲೆಯ ಮೇಲೆಯೇ ಕಲಿತೆ.