ಟಿಕೆಟ್ ಇಲ್ಲದ ಕಛೇರಿ: ಫುಡ್ ಬ್ಯಾಂಕಿಗಾಗಿ ಬರ್ಡ್ ಹಾಡಿದ್ದು

ಇಂಗ್ಲೆಂಡಿನ ಒಂದು ಸಣ್ಣ ಊರಿನ ಹವ್ಯಾಸಿ ಕ್ವಾಯರ್ (ಸಮೂಹಗಾನದ ತಂಡ) ನಮ್ಮದು. ನಾನು ಬೇಸ್, ಅಂದರೆ ಗಂಡಸರ ತಗ್ಗಿನ ದನಿ. ಊರಿನ ಫುಡ್ ಬ್ಯಾಂಕಿಗೆ (ಕಷ್ಟದಲ್ಲಿರುವವರಿಗೆ ಪುಕ್ಕಟೆ ದಿನಸಿ ಕೊಡುವ ಸಂಸ್ಥೆ) ದುಡ್ಡು ಕೂಡಿಸಲು ಚರ್ಚಿನಲ್ಲಿ ಹಾಡೋಣ ಅಂತ ಮಾತು ಬಂದಾಗ ವ್ಯವಸ್ಥೆಯೆಲ್ಲ ನನ್ನ ತಲೆಗೆ ಬಂತು. 16ನೇ ಶತಮಾನದ ಸಂಗೀತವೇ ಇರಲಿ ಅಂದೆ. ಅದರಲ್ಲಿ ಪ್ರೀತಿ ಎಷ್ಟಿತ್ತೋ ಲೆಕ್ಕಾಚಾರವೂ ಅಷ್ಟೇ ಇತ್ತು. ಬರೀ ದನಿಯಲ್ಲೇ ಹಾಡುವುದರಿಂದ ವಾದ್ಯದವರಿಗೆ ಸಂಭಾವನೆ ಕೊಡಬೇಕಿಲ್ಲ, ಸ್ವರಪ್ರತಿಗಳು ಕೋರಲ್ ಪಬ್ಲಿಕ್ ಡೊಮೈನ್ ಲೈಬ್ರರಿ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಸಂಗೀತ ಹಳೆಯದಾದರೂ ಈಗಿನವರು ಸಿದ್ಧಪಡಿಸಿದ ಪ್ರತಿಗೆ ಹಕ್ಕು ಇರಬಹುದು, ಜೆರಾಕ್ಸ್ ಮಾಡುವ ಮುಂಚೆ ನೋಡಿಕೊಳ್ಳಿ.

ಆ ಕಾಲದ ಇಂಗ್ಲಿಷ್ ಸಂಗೀತಕಾರ ವಿಲಿಯಂ ಬರ್ಡ್‌ನ ನಾಲ್ಕು ದನಿಗಳ ಮಾಸ್ (ಕ್ಯಾಥೊಲಿಕ್ ಪೂಜೆಯಲ್ಲಿ ಹಾಡುವ ಸಂಗೀತ) ಆರಿಸಿದೆವು. ಅವನು ಕ್ಯಾಥೊಲಿಕ್, ಎಲಿಜಬೆತ್ ರಾಣಿಯ ಕಾಲದಲ್ಲಿ ಆ ಪೂಜೆಗೆ ನಿಷೇಧವಿತ್ತು. 1590ರ ದಶಕದಲ್ಲಿ ಇದು ಅಚ್ಚಾದಾಗ ಮುಖಪುಟವೇ ಇರಲಿಲ್ಲ. ಯಾರದೋ ಮನೆಯಲ್ಲಿ ಬಾಗಿಲು ಹಾಕಿಕೊಂಡು ನಾಲ್ಕೈದು ಜನ ಹಾಡುವ ಸಂಗೀತ, ಹಾಗಾಗಿ ನಮ್ಮಂಥ ಸಣ್ಣ ಗುಂಪಿಗೆ ಹೇಳಿ ಮಾಡಿಸಿದ ಹಾಗಿದೆ. ಮಾಸ್‌ನ ಭಾಗಗಳ ನಡುವೆ ಅದೇ ಶತಮಾನದ ಸಂಗೀತಕಾರರಾದ ಟ್ಯಾಲಿಸ್, ವಿಕ್ಟೋರಿಯಾ ಬರೆದ ಚಿಕ್ಕ ರಚನೆಗಳನ್ನು ಇಟ್ಟೆವು, ಗಂಟಲಿಗೂ ಕೇಳುಗರಿಗೂ ಸ್ವಲ್ಪ ಬದಲಾವಣೆ ಬೇಕಲ್ವಾ.

ನಿಜವಾದ ತಲೆನೋವು ಶ್ರುತಿ. ಹಿಂದೆ ತಂಬೂರಿ ಇಲ್ಲ, ಹಾರ್ಮೋನಿಯಂ ಇಲ್ಲ, ಹತ್ತು ನಿಮಿಷ ಹಾಡಿದರೆ ಇಡೀ ಗುಂಪು ಮೆಲ್ಲಗೆ ಕೆಳಗೆ ಜಾರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಅಭ್ಯಾಸದಲ್ಲಿ ನಾನು ಫೋನಿನ ತಂಬೂರಿ ಹಾಕಿದೆ, ಪೂರ್ತಿ ಹಾಡಿಗಲ್ಲ (ದನಿಗಳು ಓಡಾಡುವ ಕಡೆ ಅದು ಕಿವಿಗೆ ಚುಚ್ಚುತ್ತದೆ), ಭಾಗ ಮುಗಿದು ಎಲ್ಲರೂ ನಿಲ್ಲುವ ಜಾಗಕ್ಕೆ ಮಾತ್ರ. ಅಲ್ಲಿ ಅಂತರ ಗಾಂಧಾರ (ಸ-ರಿ-ಗದ ಎತ್ತರದ ಗ) ಪಿಯಾನೋದ್ದಕ್ಕಿಂತ ಕೂದಲೆಳೆಯಷ್ಟು ಕೆಳಗೆ ಕೂರಬೇಕು. ಕೂತ ತಕ್ಷಣ ಕಲ್ಲಿನ ಚಾವಣಿ ತಾನೇ ಮೊಳಗುತ್ತದೆ. ಆಲ್ಟೊಗಳು (ಹೆಂಗಸರ ತಗ್ಗಿನ ದನಿಯವರು) ಮೊದಲು ನಕ್ಕರು, ಆಮೇಲೆ ಅವರೇ "ಆ ಡ್ರೋನ್ ಹಾಕು" (ತಂಬೂರಿ ಶ್ರುತಿಗೆ ಅವರ ಹೆಸರು) ಅಂತ ಕೇಳತೊಡಗಿದರು.

ದುಡ್ಡಿನ ವಿಷಯಕ್ಕೆ ಜಗಳವೇ ಆಯಿತು. ಟಿಕೆಟ್ ಇಡದಿದ್ದರೆ ಜನ ಸುಮ್ನೆ ಬಿಟ್ಟಿ ಕೇಳಿ ಹೋಗುತ್ತಾರೆ ಅಂತ ನಮ್ಮ ಖಜಾಂಚಿ. ನನ್ನ ವಾದ ಗಿಫ್ಟ್ ಏಡ್. ಇಲ್ಲಿ ತೆರಿಗೆ ಕಟ್ಟುವವರು ಒಂದು ಪೌಂಡ್ ದಾನ ಕೊಟ್ಟರೆ ದತ್ತಿ ಸಂಸ್ಥೆ ಸರ್ಕಾರದಿಂದ ಇನ್ನೂ 25 ಪೆನ್ಸ್ ಪಡೆಯಬಹುದು. ಟಿಕೆಟ್ ಅಂದರೆ ಕಾರ್ಯಕ್ರಮಕ್ಕೆ ಕೊಟ್ಟ ಬೆಲೆ, ದಾನವಲ್ಲ, ಅದಕ್ಕೆ ಸಾಮಾನ್ಯವಾಗಿ ಈ ಲಾಭ ಇಲ್ಲ. ಆದ್ದರಿಂದ ಪ್ರವೇಶ ಉಚಿತ ಮಾಡಿ, ಪ್ರತಿ ಕುರ್ಚಿಯ ಮೇಲೂ ಹೆಸರು, ಮನೆ ವಿಳಾಸ ಬರೆಯುವ ಲಕೋಟೆ ಮತ್ತು ಒಂದು ಪೆನ್ಸಿಲ್ ಇಟ್ಟೆವು. ಪೆನ್ಸಿಲ್ ಮುಖ್ಯ! ಪೆನ್ನು ಹುಡುಕುತ್ತಾ ಯಾರೂ ಕೂರುವುದಿಲ್ಲ.

ಒಟ್ಟು ಒಂದು ಗಂಟೆ, ಮಧ್ಯಂತರ ಇಲ್ಲ. ಫುಡ್ ಬ್ಯಾಂಕಿನವರ ಮಾತನ್ನು ಕೊನೆಗೆ ಇಡಲಿಲ್ಲ, ಮಾಸ್‌ನ ಕೊನೆಯ ಭಾಗವಾದ ಆಗ್ನುಸ್ ಡೇಯಿಗೆ ಮುಂಚೆ ಇಟ್ಟೆವು. ಚಪ್ಪಾಳೆ ಶುರುವಾದ ಮೇಲೆ ಜನ ಕೋಟು ಹಾಕಿಕೊಳ್ಳುತ್ತಾರೆ, ಯಾರ ಮಾತೂ ಕಿವಿಗೆ ಹೋಗುವುದಿಲ್ಲ. ಕಾರ್ಡ್ ಮಷೀನನ್ನು ಹೊರಬಾಗಿಲ ಹತ್ತಿರವೇ ಇಡಿ, ದಪ್ಪ ಗೋಡೆಯ ಒಳಗೆ ಸಿಗ್ನಲ್ ಬರುವುದಿಲ್ಲ.