ಹಳೇ ಹೋಂಡಾ ಸಿಟಿಯಲ್ಲಿ ನೀಲಿ ಕಪ್ಲರ್ ಹುಡುಕಿದ್ದು

"ಇಷ್ಟು ಹಳೇ ಗಾಡಿಗೆ ಎಂಥ ಸ್ಕ್ಯಾನಿಂಗ್ ಮಾರಾಯ, ಇಸಿಎಂ ಬದಲಾಯಿಸಿ ಕೊಡು" ಎಂದಿದ್ದ ನಮ್ಮ ಬೀದಿಯ ಆಟೋ ಎಲೆಕ್ಟ್ರಿಷಿಯನ್. ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಗಾಡಿ ಒಬ್ಬ ಮೇಷ್ಟ್ರದ್ದು, 1999ರ ಸಿಟಿ. ಚೆಕ್ ಎಂಜಿನ್ ಲೈಟ್ ಆರುತ್ತಲೇ ಇರಲಿಲ್ಲ. ಮೈಲೇಜ್ 7ಕ್ಕೆ ಇಳಿದಿತ್ತು. ಪ್ಲಗ್, ಇಂಜೆಕ್ಟರ್ ಕ್ಲೀನಿಂಗ್, ಆಕ್ಸಿಜನ್ ಸೆನ್ಸರ್ ಅಂತ ಬೇರೆ ಕಡೆ 14 ಸಾವಿರದ ಹತ್ತಿರ ಕಳೆದುಕೊಂಡು ಬಂದಿದ್ದರು.

ನಾನೂ ಮೊದಲು ದುಡ್ಡು ಕಳೆದುಕೊಂಡೆ. 900 ಕೊಟ್ಟು ಬ್ಲೂಟೂತ್ ಓಬಿಡಿ, ಅಂದರೆ ಗಾಡಿಯ ಸಾಕೆಟ್ಟಿಗೆ ಚುಚ್ಚಿ ಫೋನಿನಲ್ಲಿ ದೋಷ ಓದುವ ಸಾಧನ, ತಂದೆ. ಗೆಳೆಯನ ದೊಡ್ಡ ಸ್ಕ್ಯಾನರ್ ಒಂದು ದಿನಕ್ಕೆ ಬಾಡಿಗೆಗೆ ತಂದೆ, ಅದಕ್ಕೆ ಒಂದೂವರೆ ಸಾವಿರ. ಚುಚ್ಚಲು 16 ಪಿನ್ನಿನ ಸಾಕೆಟ್ಟೇ ಇಲ್ಲ! ಸ್ಟೀರಿಂಗ್ ಕೆಳಗೆ, ಫ್ಯೂಸ್ ಬಾಕ್ಸ್ ಪಕ್ಕ, ಆಶ್‌ಟ್ರೇ ಹಿಂದೆ ಎಲ್ಲಾ ಬಿಚ್ಚಿ ನೋಡಿದೆ. ಅರ್ಧ ದಿನ ಹೋಯಿತು.

ಈ ಗಾಡಿಯಲ್ಲಿ ಇರುವುದು ಎರಡು ಪಿನ್ನಿನ ಸಣ್ಣ ನೀಲಿ ಕಪ್ಲರ್, ಅಂದರೆ ವೈರಿನ ತುದಿಯ ಪ್ಲಗ್. ಅದರ ಎರಡೂ ಪಿನ್ ಸೇರಿಸಿದರೆ, ಅಂದರೆ ಶಾರ್ಟ್ ಮಾಡಿದರೆ, ಚೆಕ್ ಎಂಜಿನ್ ಲೈಟೇ ಮಿನುಗಿ ದೋಷದ ಕೋಡ್ ಹೇಳುತ್ತದೆ. ಎಡಗಡೆ, ಗ್ಲೋವ್ ಬಾಕ್ಸ್ ಕೆಳಗೆ. ಯಾವ ಕಾಲದಲ್ಲೋ ಸ್ಟೀರಿಯೋ ಕೂರಿಸಿದವರು ಅದನ್ನೂ ಸ್ಪೀಕರ್ ವೈರ್ ಜೊತೆ ಸೇರಿಸಿ ಟೇಪ್ ಸುತ್ತಿಬಿಟ್ಟಿದ್ದರು. ಪಕ್ಕದಲ್ಲೇ ಮೂರು ಪಿನ್ನಿನ ಇನ್ನೊಂದು ಇರುತ್ತದೆ. ದಯವಿಟ್ಟು ಅದನ್ನು ಶಾರ್ಟ್ ಮಾಡಬೇಡಿ, ಇಸಿಎಂಗೇ ಅಪಾಯ. ನೀಲಿ ಕಪ್ಲರಿನ ಗುರುತು ಖಚಿತ ಮಾಡಿಕೊಳ್ಳಲು ಮಲ್ಟಿಮೀಟರ್ ಹಿಡಿಯಿರಿ. ಒಂದು ಪಿನ್ ಬಾಡಿ ಅರ್ಥ್. ಇಗ್ನಿಷನ್ ಆನ್ ಮಾಡಿದರೆ ಇನ್ನೊಂದರಲ್ಲಿ 5 ವೋಲ್ಟ್ ಆಸುಪಾಸು ಸಿಗಬೇಕು. ಗ್ಲೋವ್ ಬಾಕ್ಸ್ ಬಿಚ್ಚದೆ ಕಪ್ಲರನ್ನು ಹೊರಗೆ ಎಳೆಯಲು ನಾನು ಒಂದು ಉಪಾಯ ಮಾಡಿಕೊಂಡಿದ್ದೇನೆ. ಅದು ನನ್ನ ಹತ್ತಿರವೇ ಇರಲಿ.

ಇಗ್ನಿಷನ್ ಆಫ್ ಮಾಡಿ, ನೀಲಿ ಕಪ್ಲರಿನ ಎರಡೂ ಪಿನ್ನಿಗೆ ತುಂಡು ವೈರ್ ಹಾಕಿ, ಮತ್ತೆ ಆನ್ ಮಾಡಿದೆ. ಲೈಟ್ ಆರು ಸಲ ಮಿನುಗಿ ನಿಂತಿತು. ಮತ್ತೆ ಆರು. ಹತ್ತು ದಾಟಿದ ಕೋಡ್ ಆದರೆ ಮೊದಲು ಉದ್ದ ಮಿನುಗು ಬರುತ್ತದೆ, ಗೊತ್ತಲ್ವಾ. 6 ಅಂದರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್, ಎಂಜಿನ್ ತಂಪು ಮಾಡುವ ನೀರಿನ ಬಿಸಿ ಅಳೆಯುವಂಥದ್ದು. ಬಿಚ್ಚಿ ಅಳೆದೆ. ತಣ್ಣಗಿರುವಾಗ ಎರಡು ಎರಡೂವರೆ ಕಿಲೋ ಓಮ್ ತೋರಿಸಬೇಕಾದದ್ದು ಪೂರ್ತಿ ಓಪನ್, ಒಳಗೇ ಕಡಿದುಹೋಗಿದೆ! ಹೊಸದಕ್ಕೆ 650 ಆಯಿತು. ಬ್ಯಾಟರಿ ನೆಗೆಟಿವ್ ಸ್ವಲ್ಪ ಹೊತ್ತು ಬಿಚ್ಚಿಟ್ಟು ಹಾಕಿದೆ, ಲೈಟ್ ಹೋಯಿತು. ಎರಡು ವಾರದ ಮೇಲೆ ಮೇಷ್ಟ್ರು ಫೋನ್ ಮಾಡಿ 11 ಸಿಗ್ತಿದೆ ಎಂದರು. ನಾಲ್ಕು ಜನ ಕೈಬಿಟ್ಟ ಗಾಡಿ ಅದು.

ತಂದ ಬ್ಲೂಟೂತ್ ಸುಮ್ನೆ ಬಿಡಲು ಮನಸ್ಸಾಗಲಿಲ್ಲ. 2013ಕ್ಕಿಂತ ಹಿಂದಿನ ನಾಲ್ಕೈದು ಗಾಡಿಗಳಿಗೆ ಹಾಕಿ ನೋಡಿದೆ. 16 ಪಿನ್ನಿನ ಸಾಕೆಟ್ ಇದ್ದರೂ ಜಾಸ್ತಿ ಕಡೆ ಕನೆಕ್ಟ್ ಆಗಲಿಲ್ಲ. ಈಗ ಮೊದಲು ಟಾರ್ಚ್ ಬಿಟ್ಟು ಯಾವ ಪಿನ್ ತುಂಬಿದೆ ನೋಡುತ್ತೇನೆ. 7 ಇದ್ದರೆ ಕೆ ಲೈನ್, 6 ಮತ್ತು 14 ಇದ್ದರೆ ಕ್ಯಾನ್; ಎರಡೂ ಸ್ಕ್ಯಾನರ್ ಇಸಿಎಂ ಜೊತೆ ಮಾತಾಡುವ ದಾರಿಗಳು. 16ರಲ್ಲಿ ಬ್ಯಾಟರಿ ಕರೆಂಟ್ ಇಲ್ಲದಿದ್ದರೆ ಫ್ಯೂಸ್ ನೋಡುತ್ತೇನೆ. ಒಂದು ಗಾಡಿಯಲ್ಲಿ ಅದು ಸಿಗರೇಟ್ ಲೈಟರ್ ಫ್ಯೂಸ್ ಆಗಿತ್ತು.

ಅದೇ ಎಲೆಕ್ಟ್ರಿಷಿಯನ್ ಈಗ ಇನ್ನೆರಡು ಹಳೇ ಸಿಟಿ ನನ್ನ ಹತ್ತಿರ ಕಳಿಸಿದ್ದಾನೆ. ಒಂದರಲ್ಲಿ ಕೋಡ್ 4 ಬಂತು, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್. ಇನ್ನೊಂದರಲ್ಲಿ ನೀಲಿ ಕಪ್ಲರನ್ನೇ ಯಾರೋ ಕತ್ತರಿಸಿದ್ದಾರೆ. ಭಾನುವಾರ ಇಸಿಎಂ ಕಡೆಯಿಂದ ವೈರಿನ ಜಾಡು ಹಿಡಿದು ಬರಬೇಕು.